ಬದಲಿ ಚೀಟಿ

ಡ್ಯೂಟಿ ಅಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬಸ್ ಡಿಪೋದ ಕಬ್ಬಿಣದ ಸರಳಿನ ಕಿಟಕಿ ಹಿಂದೆ ಕೂತು, ಯಾವ ಡ್ರೈವರಿಗೆ ಯಾವ ಬಸ್ಸು, ಎಷ್ಟು ಗಂಟೆಗೆ ಎಂದು ಹದಿನೆಂಟು ವರ್ಷ ಡ್ಯೂಟಿ ಹಾಕಿದವಳು ಅವಳು. ಇನ್ನೂರು ಡ್ರೈವರುಗಳ ರಜೆ, ನೆಪ, ಮುನಿಸು ಎಲ್ಲವೂ ಅವಳಿಗೆ ಬಾಯಿಪಾಠ. ಹಾಗಾಗಿ ಡ್ಯೂಟಿ ಪಟ್ಟಿಯನ್ನು ಫೋನಿಗೆ ತರಲು ಡಿಪೋದವರು ಒಂದು ಸಾಫ್ಟ್‌ವೇರ್ ತಂಡ ಕಟ್ಟಿದಾಗ, ಏನು ಬೇಕು, ಅದರಲ್ಲಿ ಯಾವುದು ಮೊದಲು ಎಂದು ಹೇಳುವ ಪ್ರಾಡಕ್ಟ್ ಓನರ್ ಪಟ್ಟ ಅವಳಿಗೇ ಬಂತು. ಕಿಟಕಿಯಲ್ಲಿ ಸದ್ಯಕ್ಕೆ ಬೇರೊಬ್ಬರನ್ನು ಕೂರಿಸಿದ್ದರು. ಹೊಸ ಕೆಲಸ ಕೈ ಹಿಡಿಯದಿದ್ದರೆ ಅವಳ ಕುರ್ಚಿ ಅವಳಿಗೇ ಎಂದು ಮ್ಯಾನೇಜರು ಮಾತು ಕೊಟ್ಟಿದ್ದರು.

ತಂಡ ಕೂರುತ್ತಿದ್ದದ್ದು ವರ್ಕ್‌ಶಾಪಿನ ಮೇಲಿನ ಹಳೇ ಸ್ಟೋರ್ ರೂಮಿನಲ್ಲಿ. ಕೂರುತ್ತಿದ್ದದ್ದು ಅನ್ನುವುದೂ ತಪ್ಪು, ಬೆಳಗಿನ ಸಭೆಯನ್ನು ಎಲ್ಲರೂ ನಿಂತುಕೊಂಡೇ ಮಾಡಬೇಕು. ಕೂತರೆ ಮಾತು ಬೆಳೆಯುತ್ತದೆ ಎಂದು ತಂಡವನ್ನು ನಡೆಸುವ ಮೇಷ್ಟ್ರ ಕಟ್ಟಪ್ಪಣೆ. ಅವರೇನೂ ಶಾಲೆಯ ಮೇಷ್ಟ್ರಲ್ಲ. ಬೆಂಚಿನ ಮೇಲೆ ನಿಲ್ಲಿಸುವುದೊಂದು ಬಾಕಿ ಎಂದು ಹುಡುಗರು ಇಟ್ಟ ಹೆಸರು. ಎರಡೆರಡು ವಾರಕ್ಕೆ ಒಂದಿಷ್ಟು ಕೆಲಸ ಎತ್ತಿಕೊಳ್ಳುವುದು, ಮಾಡಿ ಮುಗಿಸಿ ತೋರಿಸುವುದು, ಮತ್ತೆ ಎತ್ತಿಕೊಳ್ಳುವುದು ಅವರ ಪದ್ಧತಿ. ಒಂದೊಂದು ಕೆಲಸಕ್ಕೂ ಒಂದೊಂದು ಬಣ್ಣದ ಚೀಟಿ. ಆ ಮಂಗಳವಾರ ಗೋಡೆಯ ಮೇಲೆ ‘ಮುಗಿಯಿತು’ ಅನ್ನುವ ಸಾಲಿನಲ್ಲಿ ಹತ್ತೊಂಬತ್ತು ಚೀಟಿ ಮೆರೆಯುತ್ತಿದ್ದವು. ಶುಕ್ರವಾರ ಮಧ್ಯಾಹ್ನ ಡ್ರೈವರುಗಳ ಮುಂದೆ ಪ್ರದರ್ಶನ. ಅವರು ಒಪ್ಪಿದರೆ ಕೆಲಸ ಮುಂದುವರಿಯುತ್ತದೆ, ಒಪ್ಪದಿದ್ದರೆ ತಂಡ ಚದುರಿ ಅಕ್ಕ ಕಿಟಕಿಗೆ ವಾಪಸ್ ಎಂದು ಮ್ಯಾನೇಜರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಹತ್ತೊಂಬತ್ತು ಚೀಟಿ ನೋಡಿ ಅಕ್ಕನಿಗೆ ಕೋಡು ಮೂಡಿತ್ತು. ಆಗ ಮೇಷ್ಟ್ರು ಕೆಮ್ಮಿದರು.

“ಅಕ್ಕಾ, ಇದನ್ನೆಲ್ಲ ಒಬ್ಬ ಡ್ರೈವರ್ ಆದ್ರೂ ಕೈಯಲ್ಲಿ ಹಿಡಿದು ನೋಡಿದಾರಾ?”

“ನಾನಿದ್ದೀನಲ್ಲ. ಅವರಿಗೆ ಏನು ಬೇಕು ಅಂತ ಅವರಿಗಿಂತ ನನಗೇ ಚೆನ್ನಾಗಿ ಗೊತ್ತು.”

“ಅದು ಸರಿ. ಆದ್ರೆ ಹಿಡಿದು ನೋಡಿದಾರಾ?”

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಇನ್ನೂರು ಡ್ರೈವರುಗಳು ಒಂದು ಮೆಟ್ಟಿಲ ಸಾಲು ಇಳಿದರೆ ಸಿಗುತ್ತಿದ್ದರು. ಮೂರು ತಿಂಗಳಲ್ಲಿ ತಂಡದ ಒಬ್ಬರೂ ಇಳಿದಿರಲಿಲ್ಲ.

ಅಕ್ಕ ಆ ಕ್ಷಣವೇ ಫೋನು ಹಿಡಿದು ಇಳಿದಳು. ಅವಳ ಸ್ವಂತ ಅಣ್ಣನೇ ಅಲ್ಲಿ ಡ್ರೈವರು. ಬಸ್ ತೊಳೆಯುವ ಜಾಗದ ಪಕ್ಕ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವನು ಫೋನು ಇಸಿದುಕೊಂಡು ಕನ್ನಡಕ ಮೂಗಿಗೆ ಇಳಿಸಿ ಒತ್ತಿದ, ಸರಿಸಿದ, ಇನ್ನೊಮ್ಮೆ ಒತ್ತಿದ. ಡ್ಯೂಟಿಗೊಂದು ಬಣ್ಣ, ರಜೆಯ ಲೆಕ್ಕ, ರೂಟಿನ ನಕ್ಷೆ, ನೋಟಿಸು ಎಲ್ಲ ಬಂತು.

“ಲಕ್ಷಣವಾಗಿದೆ. ಬದಲಿ ಎಲ್ಲಿ?” ಅಂದ.

“ಯಾವ ಬದಲಿ?”

“ನನ್ನ ಡ್ಯೂಟಿ ಇನ್ನೊಬ್ಬನಿಗೆ, ಅವನದ್ದು ನನಗೆ. ಮನೇಲಿ ಯಾರಿಗೋ ಜ್ವರ ಬರುತ್ತೆ, ಮಗಳ ಶಾಲೇಲಿ ಕರೀತಾರೆ. ಅದಕ್ಕೇ ತಾನೇ ನಾವು ನಿನ್ನ ಕಿಟಕಿ ಮುಂದೆ ಸಾಲು ನಿಲ್ತಿದ್ದದ್ದು? ಬಣ್ಣ ನೋಡೋಕಾ?”

“ಅದೂ ಬರುತ್ತೆ ಅಣ್ಣ, ಆಮೇಲೆ.”

“ಬೆಟ್ಟ ಅಗೆದು ಇಲಿ ಹಿಡಿದಿದ್ದೀಯ ಕಣೇ.” ಅಣ್ಣ ಫೋನು ವಾಪಸ್ ಕೊಟ್ಟ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. “ನಿಂತು ನಿಂತು ನಮ್ಮ ಮೊಣಕಾಲು ಸವೆದಿದೆ. ನೀನು ಸರಳಿನ ಒಳಗಿದ್ದೆ, ನಾವು ಹೊರಗಿದ್ವಿ. ನಾನು ನಿನ್ನ ಒಡಹುಟ್ಟಿದವನು, ಆದ್ರೂ ಕತ್ತೆತ್ತದೆ ‘ಆಗಲ್ಲ’ ಅಂತಿದ್ದೆ. ನಿನಗೆ ಹೇಗೆ ಗೊತ್ತಾಗಬೇಕು ಹೇಳು.”

ಅಕ್ಕನ ಮುಖ ಬಿಸಿಯಾಯಿತು. ಬದಲಿ ಅನ್ನುವ ಚೀಟಿಯನ್ನು ಅವಳೇ ಬರೆದಿದ್ದಳು, ಮೊದಲನೇ ದಿನವೇ. ಪ್ರತಿ ಎರಡು ವಾರಕ್ಕೂ ಅದು ಮೇಲೆ ಬರುತ್ತಿತ್ತು, ಪ್ರತಿ ಸಲವೂ ಅವಳೇ ಅದನ್ನು ಪಟ್ಟಿಯ ಬುಡಕ್ಕೆ ನೂಕುತ್ತಿದ್ದಳು. ಕಿಟಕಿಯವಳಿಗೆ ಬದಲಿ ಅಂದರೆ ತಲೆನೋವು. ತನಗೆ ಬೇಡವಾದದ್ದು ಡ್ರೈವರುಗಳಿಗೂ ಬೇಡವೆಂದು ಅವಳು ತಿಳಿದಿದ್ದಳು. ತಪ್ಪು ತನ್ನದೇ, ಬೇರೆ ಯಾರದ್ದೂ ಅಲ್ಲ ಎಂದು ಅರಿವಾದಾಗ ನಾಚಿಕೆಯ ಹಿಂದೆಯೇ ವಿಚಿತ್ರವಾದ ಹುರುಪೊಂದು ನುಗ್ಗಿತು. ಶುಕ್ರವಾರಕ್ಕೆ ಇನ್ನೂ ಮೂರು ದಿನವಿತ್ತು!

ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದು, ಬುಡದ ಚೀಟಿ ಕಿತ್ತು ನೆತ್ತಿಗೆ ಅಂಟಿಸಿದಳು.

“ಎರಡು ವಾರದ ನಡುವೆ ಹೊಸದು ಸೇರಿಸೋ ಹಾಗಿಲ್ಲ ಅಕ್ಕ, ನಿಯಮ” ಅಂದರು ಮೇಷ್ಟ್ರು.

“ಹಾಗಾದ್ರೆ ಹಳೇದು ತೆಗೀತೀನಿ.” ಇನ್ನೂ ಮುಗಿಯದ ಆರು ಚೀಟಿಗಳನ್ನು ಒಂದೊಂದಾಗಿ ಕಿತ್ತಳು. ಕೊನೆಯದು ವಾರದ ವರದಿ, ಅವಳ ಮುದ್ದಿನ ಕೂಸು. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂದರೆ ನಡೆಯುವುದಿಲ್ಲ. ಅದನ್ನೂ ಕಿತ್ತಳು. “ಈಗ?”

ಮೇಷ್ಟ್ರು ಕೋಡ್ ಬರೆಯುವ ಗುಂಗುರು ಕೂದಲ ಹುಡುಗಿಯ ಕಡೆ ನೋಡಿದರು. ಅವಳು ಆಗಲೇ ಕುರ್ಚಿಯಿಂದ ಎದ್ದಿದ್ದಳು.

“ಆಗುತ್ತೆ! ಒಂದೇ ಒಂದು ಗುಂಡಿ ಅಂದ್ರೆ ಆಗುತ್ತೆ. ಎರಡನೇದು ಕೇಳಿದ್ರೆ ನಾನು ಕಿಟಕಿಯಿಂದ ಹಾರ್ತೀನಿ ಅಷ್ಟೇ.”

“ಒಂದೇ ಗುಂಡಿ. ನನ್ನಾಣೆ.”

ಬುಧವಾರ ಬೆಳಿಗ್ಗೆ ಹುಡುಗಿ ಕೋಡಿನ ಒಂದು ಸಾಲೂ ಬರೆಯಲಿಲ್ಲ. ಫೋನಿನ ಅಳತೆಯ ಕಾಗದ ಕತ್ತರಿಸಿ, ಅದರ ಮೇಲೆ ಪೆನ್ಸಿಲಿನಲ್ಲಿ ಪರದೆ ಬರೆದಳು. ಅದನ್ನು ಹಿಡಿದು ಅವಳೂ ಅಕ್ಕನೂ ಬಸ್ ತೊಳೆಯುವ ಸಾಲಿಗೆ ಹೋದರು. ಅಷ್ಟು ದೊಡ್ಡ ದೊಡ್ಡ ಆಸಾಮಿಗಳು ಕಾಗದದ ಗುಂಡಿಯನ್ನು ಬೆರಳಿನಿಂದ ಒತ್ತುವುದು ನೋಡಿ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಒತ್ತಿದವರಿಗೆ ಹುಡುಗಿ ಮುಂದಿನ ಕಾಗದ ಹಿಡಿಯುತ್ತಿದ್ದಳು. ಮುಂದಿನ ಕಾಗದದಲ್ಲಿ ‘ಅನುಮತಿಗೆ ಕಳಿಸಲಾಗಿದೆ’ ಎಂದಿತ್ತು.

“ಅನುಮತಿನಾ?” ಮೀಸೆಯ ಡ್ರೈವರೊಬ್ಬ ಕಾಗದ ವಾಪಸ್ ಚಾಚಿದ. “ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂತ. ಕಿಟಕಿನೇ ಫೋನಿಗೆ ತಂದಿದ್ದೀರಿ ಬಿಡಿ, ಅಕ್ಕಾ.”

ಅಕ್ಕ ನಿಂತಲ್ಲೇ ನಿಂತಳು. ಅನುಮತಿ ಅಂದರೆ ಅವಳ ಹದಿನೆಂಟು ವರ್ಷ. ಅದನ್ನೇ ತೆಗೆದುಬಿಟ್ಟರೆ ತಾನು ಅಷ್ಟು ದಿನ ಅಲ್ಲಿ ಕೂತು ಮಾಡಿದ್ದೇನು ಎಂದುಕೊಂಡಳು. ಆದರೂ ಹುಡುಗಿಯ ಕೈಯಿಂದ ಪೆನ್ಸಿಲು ತೆಗೆದುಕೊಂಡು ಆ ಸಾಲಿನ ಮೇಲೆ ಗೀಟು ಎಳೆದಳು.

“ಸರಿ, ಅನುಮತಿ ಇಲ್ಲ. ಆದ್ರೆ ಯಾವ ಬದಲಿ ಮಾಡಲೇಬಾರದು, ನೀವೇ ಹೇಳಿ.”

ಅವರು ಹೇಳಿದ್ದು ಎರಡೇ. ಎರಡು ಡ್ಯೂಟಿಗಳ ನಡುವೆ ಎಂಟು ಗಂಟೆ ವಿಶ್ರಾಂತಿ ಇರಬೇಕು. ಎರಡು ಭಾಗ ಜೋಡಿಸಿದ ಉದ್ದನೆಯ ಬಸ್ಸು ಅದರ ತರಬೇತಿ ಇದ್ದವರಿಗೇ ಹೋಗಬೇಕು. ಅಕ್ಕ ಕಿಟಕಿಯಲ್ಲಿ ಕೂತು ನೋಡುತ್ತಿದ್ದದ್ದೂ ಅವೆರಡನ್ನೇ. ಅವೆರಡನ್ನು ಯಂತ್ರವೇ ನೋಡಬಲ್ಲದು ಎಂದು ಹುಡುಗಿ ಚಪ್ಪಾಳೆ ತಟ್ಟಿ ಮೇಲಕ್ಕೆ ಓಡಿದಳು.

ಗುರುವಾರ ನಿಜವಾದ ಗುಂಡಿ ಬಂತು. ಅಣ್ಣ ಮತ್ತು ಮೀಸೆಯವನು ಒತ್ತಿ ನೋಡಿದರೆ, ಅಣ್ಣನಿಗೆ ಎರಡು ಬಸ್ಸೂ ಬಂದವು, ಮೀಸೆಯವನಿಗೆ ಒಂದೂ ಇಲ್ಲ.

“ಇದಪ್ಪಾ ಆಪ್ ಅಂದ್ರೆ!” ಮೀಸೆಯವನು ಕಟ್ಟೆಯ ಮೇಲೆ ಕಾಲು ಚಾಚಿದ. “ಇದನ್ನ ಹೀಗೇ ಬಿಡಿ, ದಯವಿಟ್ಟು ಸರಿ ಮಾಡಬೇಡಿ.”

ಹುಡುಗಿ ಅಲ್ಲೇ ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಮೇಷ್ಟ್ರು ತಮ್ಮ ನಿಲ್ಲುವ ನಿಯಮ ಮರೆತು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿದರು. ನಲವತ್ತು ನಿಮಿಷದಲ್ಲಿ ಸರಿಯಾಯಿತು. ಮೂರು ತಿಂಗಳಲ್ಲಿ ಕಲಿಯದ್ದನ್ನು ಮೂರು ದಿನದಲ್ಲಿ ಕಲಿತೆವು ಅನ್ನಿಸಿ ಅಕ್ಕನ ಮೈ ಜುಮ್ಮೆಂದಿತು.

ಶುಕ್ರವಾರ ವಿಶ್ರಾಂತಿ ಕೊಠಡಿಯಲ್ಲಿ ನಲವತ್ತು ಡ್ರೈವರುಗಳು ಕಿಕ್ಕಿರಿದಿದ್ದರು. ಅಕ್ಕ ಭಾಷಣ ಮಾಡಲಿಲ್ಲ. “ನಿಮ್ಮ ಫೋನಲ್ಲಿ ಇದೆ, ಯಾರಿಗೆ ಬದಲಿ ಬೇಕೋ ಕೇಳಿಕೊಳ್ಳಿ” ಎಂದಷ್ಟೇ ಹೇಳಿ ಪಕ್ಕಕ್ಕೆ ಸರಿದಳು.

ಮೊದಲ ಸಾಲಿನಿಂದ ಮ್ಯಾನೇಜರು ಕೈ ಎತ್ತಿದರು. “ಅನುಮತಿ ಯಾರು ಕೊಡ್ತಾರೆ ಮೇಡಂ?”

“ಯಾರೂ ಇಲ್ಲ ಸರ್. ಇಬ್ಬರು ಒಪ್ಪಿದ್ರೆ ಆಯ್ತು. ವಿಶ್ರಾಂತಿ, ತರಬೇತಿ ಯಂತ್ರ ನೋಡುತ್ತೆ.”

“ಹಾಗಾದ್ರೆ ಕಿಟಕಿ?”

“ಬೇಕಾಗಲ್ಲ ಸರ್.”

ಮ್ಯಾನೇಜರು ಅವಳನ್ನೇ ನೋಡಿದರು. “ಕಿಟಕಿ ಹೋದ್ರೆ ನಿಮಗೆ ವಾಪಸ್ ಹೋಗೋ ಜಾಗಾನೂ ಹೋಗುತ್ತೆ. ಯೋಚನೆ ಮಾಡಿದ್ದೀರಾ?”

“ಮಾಡಿದ್ದೀನಿ” ಅಂದಳು ಅಕ್ಕ. ನಿಜ ಹೇಳಬೇಕೆಂದರೆ ಆ ಪ್ರಶ್ನೆ ಕೇಳುವವರೆಗೂ ಮಾಡಿರಲಿಲ್ಲ.

ಅಷ್ಟರಲ್ಲಿ ಮೂಲೆಯಲ್ಲೊಂದು ಫೋನು ಕುಂಯ್ ಅಂದಿತು. ಇನ್ನೊಂದು ಅಂದಿತು. “ಏಯ್, ನನ್ನ ಭಾನುವಾರ ತಗೋತೀಯೇನೋ?” ಎಂದು ಯಾರೋ ಕೂಗಿದರು. ಗೋಡೆಯ ಪರದೆಯ ಮೇಲೆ ಬದಲಿಗಳ ಎಣಿಕೆ ಮೂರಾಯಿತು, ಏಳಾಯಿತು, ಹನ್ನೊಂದಾಯಿತು. ಆಗ ಅಣ್ಣನ ಫೋನಿನಲ್ಲಿ ಕೆಂಪು ಪಟ್ಟಿ ಬಂತು. ಪಕ್ಕದವನು ಬಗ್ಗಿ ನೋಡಿ, “ಅಣ್ಣಂಗೇ ಇಲ್ಲ ಅಂತು!” ಎಂದು ಸಾರಿದ. ಮ್ಯಾನೇಜರ ಹುಬ್ಬು ಮೇಲೇರಿತು.

ಅಣ್ಣ ಕನ್ನಡಕ ಇಳಿಸಿ ಗಟ್ಟಿಯಾಗಿ ಓದಿದ. “ಈ ಬದಲಿ ಆಗುವುದಿಲ್ಲ. ಇವತ್ತಿನ ಡ್ಯೂಟಿ ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ, ನಾಳೆಯದು ಬೆಳಿಗ್ಗೆ ಐದಕ್ಕೆ ಶುರು. ನಡುವೆ ಆರೇ ಗಂಟೆ ವಿಶ್ರಾಂತಿ. ಎಂಟು ಬೇಕು.” ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದ, “ಇದೂ ನನ್ನ ತಂಗಿ ಥರಾನೇ ಆಗಲ್ಲ ಅನ್ನುತ್ತೆ. ಆದ್ರೆ ಯಾಕೆ ಅಂತ ಹೇಳುತ್ತೆ. ನನಗೆ ಇದು ಬೇಕು.”

ಒಂದೇ ಸಲಕ್ಕೆ ನಲವತ್ತು ಗಂಟಲು ತೆರೆದವು. ಯಾರೋ ಬೆಂಚು ಬಡಿದರು, ಮೀಸೆಯವನು ಶಿಳ್ಳೆ ಹಾಕಿದ, ಹುಡುಗಿ ಮೇಷ್ಟ್ರ ಭುಜ ಹಿಡಿದು ಕುಣಿದಳು. ಆ ಗದ್ದಲದಲ್ಲಿ ಮ್ಯಾನೇಜರು ಎದ್ದು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, “ಸೋಮವಾರದಿಂದ ಇನ್ನೂರು ಜನಕ್ಕೂ ಕೊಡಿ!” ಎಂದು ಕೂಗಬೇಕಾಯಿತು.

ಅಕ್ಕ ಜನರನ್ನು ಸರಿಸಿಕೊಂಡು ಅಣ್ಣನ ಹತ್ತಿರ ಹೋದಳು.

“ಅವತ್ತೆಲ್ಲ ನಾನು ಆಗಲ್ಲ ಅಂದಿದ್ದೂ ಇದಕ್ಕೇ ಅಣ್ಣ. ನಿನಗೆ ನಿದ್ದೆ ಸಾಲಲ್ಲ ಅಂತ ಲೆಕ್ಕ ಹಾಕಿಯೇ ಅಂತಿದ್ದೆ.”

ಅಣ್ಣ ಫೋನಿನಿಂದ ಕಣ್ಣೆತ್ತಿದ. “ಹೌದಾ? ನಾನು, ನಿನಗೆ ನನ್ನ ಕಂಡ್ರೆ ಆಗಲ್ಲ ಅಂತ ತಿಳ್ಕೊಂಡಿದ್ದೆ” ಅಂದ.