ಚಾರ್ಜರಿನ ಸ್ವಿಚ್ಚು

ಗುಂಡಿ ಒತ್ತಿದಳು. ಹಿತ್ತಿಲಿನ ಜನರೇಟರ್ ‘ಟಕ್’ ಎಂದಿತು, ಅಷ್ಟೇ. ಮತ್ತೊಮ್ಮೆ ಒತ್ತಿದಳು. ಈ ಸಲ ಅದೂ ಇಲ್ಲ.

ಒಳಗೆ ಅತ್ತೆಯ ಆಕ್ಸಿಜನ್ ಯಂತ್ರ ಕರೆಂಟಿಲ್ಲದೆ ಕೀ ಕೀ ಎಂದು ಕೂಗಿಕೊಳ್ಳುತ್ತಿತ್ತು. ಓಡಿಹೋಗಿ ತುರ್ತಿಗೆಂದು ಇಟ್ಟಿದ್ದ ಪುಟ್ಟ ಸಿಲಿಂಡರಿಗೆ ಕೊಳವೆ ಸಿಕ್ಕಿಸಿದಳು. ಕರೆಂಟು ಬರುವಷ್ಟರಲ್ಲಿ ಸಿಲಿಂಡರಿನ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ಇನ್ನು ಕಾಲು ಗಂಟೆ ತಡವಾಗಿದ್ದರೆ ಎಂಬ ಮಾತನ್ನು ಅವಳು ಮನಸ್ಸಿನಲ್ಲೂ ಪೂರ್ತಿ ಮಾಡಲಿಲ್ಲ.

ಜನರೇಟರ್ ಗಂಡನ ಪಾಲಿನದು. ಭಾನುವಾರಕ್ಕೊಮ್ಮೆ ಅವನು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಏನೋ ಮಾಡುತ್ತಿದ್ದ. ಅಡುಗೆಮನೆ ಕಿಟಕಿಯಿಂದ ಅವಳಿಗೆ ಕಾಣುತ್ತಿದ್ದುದು ಬೆನ್ನು ಮಾತ್ರ. ಈಗ ಅವನು ಕೆಲಸದ ಮೇಲೆ ಮೂರು ವಾರ ಪರ ಊರಿಗೆ ಹೋಗಿದ್ದ.

ಮೆಕ್ಯಾನಿಕ್ ಬಂದು ಬ್ಯಾಟರಿಯನ್ನು ಒಯ್ದು, ಚಾರ್ಜ್ ಮಾಡಿ ಸಂಜೆಗೆ ತಂದು ಕೂರಿಸಿದ. ಮುಚ್ಚಳ ತೆಗೆದು ನೀರು ನೋಡಿದ, ಸರಿಯಿತ್ತು. ವೈರಿನ ತುದಿಗೆ ಕಟ್ಟಿದ್ದ ಬಿಳಿ ಪುಡಿಯನ್ನು ಉಜ್ಜಿ ತೆಗೆದ.

“ಮೂರು ತಿಂಗಳ ಕೂಸು ಅಕ್ಕಾ ಇದು. ಇಷ್ಟು ಬೇಗ ಮಲಗಬಾರದಿತ್ತು. ಇಂಜಿನ್ ಸುಮ್ನೆ ನಿಂತಿದ್ರೂ ಇದರ ಬೋರ್ಡು ಹಗಲೂ ರಾತ್ರಿ ಬ್ಯಾಟರೀನ ಹೀರ್ತಾನೇ ಇರುತ್ತೆ. ಅದಕ್ಕೇ ಗೋಡೆ ಮೇಲೆ ಆ ಚಾರ್ಜರ್. ಯಾವಾಗ್ಲೂ ಆನ್ ಇರಬೇಕು.” ಹೋಗುವಾಗ ಬ್ಯಾಟರಿ ಅಳೆಯುವ ತನ್ನ ಹಳೆಯ ಮೀಟರನ್ನು ಅವಳ ಕೈಗಿತ್ತ. “ಕೆಂಪು ಕಡ್ಡಿ ಇಲ್ಲಿ, ಕಪ್ಪು ಅಲ್ಲಿ. ಹದಿಮೂರರ ಮೇಲಿದ್ರೆ ಹೊಟ್ಟೆಗೆ ಬೀಳ್ತಿದೆ ಅಂತ.”

ಮರುದಿನ ಬೆಳಿಗ್ಗೆ ನೋಡಿದರೆ ಹನ್ನೆರಡು ಪಾಯಿಂಟ್ ಆರು. ಚಾರ್ಜರಿನ ಸ್ವಿಚ್ಚು ಆರಿತ್ತು. ಹಾಕಿದಳು. ಅದರ ಪುಟ್ಟ ದೀಪ ಹೊತ್ತಿತು, ಅಂಕಿ ಒಂದೊಂದೇ ಮೇಲೇರಿ ಹದಿಮೂರು ದಾಟಿತು. ಉಕ್ಕುವ ಹಾಲನ್ನು ನೋಡುವಂತೆ ಅವಳು ಅದನ್ನೇ ನೋಡುತ್ತ ಕೂತಳು. ಇಷ್ಟು ವರ್ಷ ಈ ಮೂಲೆಯಲ್ಲಿ ಇಂಥದ್ದೊಂದು ನಡೆಯುತ್ತಿತ್ತೇ!

ಅದರ ಮರುದಿನ ಸ್ವಿಚ್ಚು ಮತ್ತೆ ಆರಿತ್ತು. ಮನೆಯಲ್ಲಿರುವವರು ಇಬ್ಬರು. ಇಲಿಯಂತೂ ಸ್ವಿಚ್ಚು ಆರಿಸುವುದಿಲ್ಲ.

ಮೂರನೆಯ ದಿನ ಊಟವಾದ ಮೇಲೆ ಅಂಗಿಯ ಗುಂಡಿ ಹೊಲಿಯುವ ನೆಪದಲ್ಲಿ ಕಿಟಕಿಯ ಹಿಂದೆ ಕೂತಳು. ಸ್ವಲ್ಪ ಹೊತ್ತಿಗೆ ಅತ್ತೆ ಬಂದರು. ಮೂಗಿನಿಂದ ಹೊರಟ ಉದ್ದನೆಯ ಕೊಳವೆ ಬಾಲದಂತೆ ಹಿಂದೆ ಎಳೆದುಕೊಂಡು ಬರುತ್ತಿತ್ತು. ದಾರಿಯಲ್ಲಿ ಹಜಾರದ ಫ್ಯಾನು, ಬಚ್ಚಲ ದೀಪ ಎಲ್ಲ ಆರಿಸಿದರು. ಹಿಂಬಾಗಿಲ ಹೊಸ್ತಿಲಲ್ಲಿ ಕೊಳವೆ ಬಿಗಿಯಾಯಿತು. ಅತ್ತೆ ಅಲ್ಲಿಯೇ ನಿಂತು ಊರುಗೋಲನ್ನು ಎತ್ತಿ, ಗುರಿಯಿಟ್ಟು, ತುದಿಯಿಂದ ಚಾರ್ಜರಿನ ಸ್ವಿಚ್ಚನ್ನು ಟಕ್ಕೆಂದು ಆರಿಸಿದರು. ಮುಖದಲ್ಲಿ ಒಂದು ಗೆಲುವು.

ಅಡುಗೆಮನೆ ಬಿಟ್ಟುಕೊಟ್ಟು, ಬೀಗದ ಕೈ ಕೊಟ್ಟು, ಕೊನೆಗೆ ಸ್ನಾನಕ್ಕೂ ಇನ್ನೊಬ್ಬರ ಕೈ ಹಿಡಿಯಬೇಕಾದ ಈ ಹೆಂಗಸಿನ ಬಳಿ ಉಳಿದಿದ್ದ ಮನೆವಾರ್ತೆ ಇದೊಂದೇ ಎಂದು ಅವಳಿಗೆ ಆಗ ಹೊಳೆಯಿತು. ಸ್ವಿಚ್ಚಿಗೆ ಟೇಪು ಸುತ್ತಿದರೆ ಮುಗಿಯಿತು. ಗಂಡನಾದರೆ ಸುತ್ತುತ್ತಿದ್ದ, ನಾಲ್ಕು ಮಾತೂ ಆಡುತ್ತಿದ್ದ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು.

“ಅತ್ತೆ, ಅದನ್ನ ದಿನಾ ಆರಿಸ್ತೀರಾ?”

“ಮತ್ತೆ? ಹಟ್ಟಹಗಲಲ್ಲಿ ಯಾರ ಮುಖ ನೋಡೋಕೆ ಆ ದೀಪ? ನಿನಗೆ ಹೇಳೀ ಹೇಳೀ ನನ್ನ ಬಾಯಿ ಸವೆದುಹೋಯ್ತು.”

ಅದು ದೀಪವಲ್ಲ, ಬ್ಯಾಟರಿಯ ಊಟ ಎಂದು ಅವಳು ಮೆಲ್ಲಗೆ ಹೇಳಿದಳು. ಅತ್ತೆ ಕೋಲನ್ನು ನೆಲಕ್ಕೆ ಇಳಿಸಿದರು.

“ಹಾಗಾದ್ರೆ ಮೊನ್ನೆ ಅದು ಎದ್ದೇಳದೆ ಇದ್ದದ್ದು...”

“ಬ್ಯಾಟರಿ ಹಳೇದಾಗಿತ್ತು.”

“ಸುಳ್ಳು ಹೇಳೋಕೂ ಬರಲ್ಲ ನಿನಗೆ. ಮೂರು ತಿಂಗಳ ಕೂಸು ಅಂತ ಅವನು ಅಂದಿದ್ದು ನನಗೂ ಕೇಳಿಸ್ತು. ಕಿವಿ ಇನ್ನೂ ಗಟ್ಟಿಯಾಗಿದೆ.” ಕೋಲಿನ ತುದಿಯಿಂದ ಹೊಸ್ತಿಲನ್ನು ಕೆರೆದರು. “ನಿನ್ನ ಗಂಡನಿಗೆ ಹೇಳ್ತೀಯಾ?”

“ಹೇಳೋಕೆ ಏನಿದೆ? ಬನ್ನಿ, ಮೀಟರ್ ಹಿಡ್ಕೊಳ್ಳಿ. ಕಡ್ಡಿ ನಾನು ಇಡ್ತೀನಿ, ಅಂಕಿ ನೀವು ಓದಿ. ಒಬ್ಬಳಿಗೇ ಎರಡೂ ಆಗ್ತಿಲ್ಲ.”

“ಕನ್ನಡಕ ತಾ,” ಎಂದರು ಅತ್ತೆ.

ಮುಂದಿನ ಹತ್ತು ದಿನವೂ ಅತ್ತೆಯ ಸುತ್ತು ನಿಲ್ಲಲಿಲ್ಲ. ಫ್ಯಾನು ಆರಿತು, ಬಚ್ಚಲ ದೀಪ ಆರಿತು. ಹೊಸ್ತಿಲಿಗೆ ಬಂದು ಸ್ಟೂಲಿನ ಮೇಲೆ ಕೂತು ಅತ್ತೆ ಅಂಕಿ ಓದಿದರು. ಒಮ್ಮೊಮ್ಮೆ ಬೈದರು: “ಕಡ್ಡಿ ನೆಟ್ಟಗೆ ಹಿಡಿ, ಅಂಕಿ ಕುಣೀತಿದೆ.” ಬ್ಯಾಟರಿಯ ನೀರು ಕಡಿಮೆಯಾದರೆ ಏನಾಗುತ್ತೆ, ಚಳಿಗೆ ಅದಕ್ಕೂ ಕಷ್ಟವಾ, ಎಂದೆಲ್ಲ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಮೆಕ್ಯಾನಿಕ್‌ಗೆ ಫೋನ್ ಮಾಡಿದರು.

ಹನ್ನೊಂದನೆಯ ದಿನ ಅಂಕಿ ಓದುತ್ತಿರುವಾಗಲೇ ಕರೆಂಟು ಹೋಯಿತು. ಒಳಗಿನ ಯಂತ್ರ ಕೀ ಎನ್ನತೊಡಗಿತು. ಅವಳು ಗುಂಡಿಯತ್ತ ಕೈ ಚಾಚಿದಳು.

“ತಡಿ.”

ಅತ್ತೆ ಕಿವಿಯ ಹಿಂದಿನಿಂದ ಕೊಳವೆ ಬಿಡಿಸಿ ಸ್ಟೂಲಿನ ಮೇಲೆ ಇಟ್ಟರು. ಗಾಳಿಯಿಲ್ಲದ ಕೊಳವೆಯಿಂದ ಏನು ಉಪಯೋಗ? ಕೋಲೂರಿ ಹೊಸ್ತಿಲು ದಾಟಿದರು. ಒಂದು ಹೆಜ್ಜೆ, ಎರಡು, ಮೂರು. ಅವಳು ಬೆನ್ನಿಗೆ ತಾಗದಂತೆ ಕೈಯನ್ನು ಹತ್ತಿರದಲ್ಲೇ ಹಿಡಿದಿದ್ದಳು. ಅತ್ತೆ ಹೆಬ್ಬೆರಳಿನಿಂದ ಗುಂಡಿ ಒತ್ತಿದರು.

ಇಂಜಿನ್ ಒಮ್ಮೆ ಕೆಮ್ಮಿ ಓಡತೊಡಗಿತು. ಹಿಂದೆ ಸ್ಟೂಲಿನ ಮೇಲೆ ಕೊಳವೆ ಸುಯ್ಯೆನ್ನತೊಡಗಿತು. ಅತ್ತೆ ತಿರುಗಿ ನೋಡಲಿಲ್ಲ. ನಡುಗುವ ಯಂತ್ರದ ಬೆನ್ನ ಮೇಲೆ ಅಂಗೈಯಿಟ್ಟು, ಬಿಸಿಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತರು.