ಉಪ್ಪಿಲ್ಲದ ಐಸ್

ಹನಿಯುತ್ತಿದೆ, ಆ ಹುಡುಗಿಯ ಮುಷ್ಟಿಯಿಂದ ನೀರು ಹನಿಯುತ್ತಿದೆ, ಸಿಮೆಂಟು ನೆಲದ ಮೇಲೆ ಆಗಲೇ ಅಂಗೈಯಗಲದ ಒದ್ದೆ ಕಲೆ, ಕೈ ಬಿಡಿಸಬಾರದೇ ಫರ್ಹತ್, ತೀರ್ಪುಗಾರರು ನಿನ್ನ ಮೇಜು ದಾಟಿ ಎಷ್ಟು ಹೊತ್ತಾಯಿತು, ಆ ಐಸಿನ ಚೂರಿನಿಂದ ಇನ್ನು ಆಗಬೇಕಾದದ್ದೇನೂ ಇಲ್ಲ — ಆದರೂ ಸಭಾಂಗಣದ ಬಾಗಿಲಲ್ಲಿ ನಿಂತೇ ಇದ್ದಾಳೆ, ನಾನು ಇಲ್ಲಿ ತೀರ್ಪುಗಾರ ಬಾಲರಾಜ್ ಅವರ ಪಕ್ಕದ ಕುರ್ಚಿಯಲ್ಲಿ, ಪೆನ್ನು ಹಿಡಿದು. ಮೂಡಿಗೆರೆ ತಾಲ್ಲೂಕಿನ ಈ ವಿಜ್ಞಾನ ವಸ್ತುಪ್ರದರ್ಶನದಿಂದ ನಾಳೆ ಚಿಕ್ಕಮಗಳೂರಿಗೆ ಹೋಗುವುದು ಒಂದೇ ಮಗು, ಬಾಲರಾಜ್ ತೀರ್ಮಾನಿಸಿಯಾಗಿದೆ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಮಾದರಿ ಮೊದಲನೆಯದು, ಸಂಚಾಲಕಿಯಾದ ನನ್ನ ಸಹಿ ಬಿದ್ದರೆ ಮುಗಿಯಿತು, ರುದ್ರಾಣಿ ಮೇಡಂ ಬೇಗ ಸಹಿ ಹಾಕಿ, ಅನ್ನ ಆರಿ ಹೋಗುತ್ತೆ ಎನ್ನುತ್ತಾರೆ ನಮ್ಮ ಮುಖ್ಯೋಪಾಧ್ಯಾಯ ದೇವೇಂದ್ರ, ಅನ್ನವಂತೆ, ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದ ಪಲ್ಪರಿಗೆ ಬಹುಮಾನವಂತೆ, ಅದರ ಚಕ್ರ ಯಾವ ಕಡೆಗೆ ತಿರುಗುತ್ತದೆಂದು ಕೇಳಿದರೆ ಆ ಹುಡುಗ ಸೂರು ನೋಡಿದ, ಇದು ವಿಜ್ಞಾನವೇ, ಇದು ನೀತಿಯೇ — ಸಾಕು ರುದ್ರಾಣಿ, ಪಲ್ಪರಿನ ಮೇಲೆ ಕೋಪ ಹರಿಯಬಿಟ್ಟು ಯಾರ ತಪ್ಪನ್ನು ಮರೆಸುತ್ತಿದ್ದೀಯೆ.

ಒಂಬತ್ತನೆಯ ತರಗತಿ, ಕರಿಹಲಗೆಯ ಮೇಲೆ ಘನೀಭವನ ಎಂದು ಬರೆಯುತ್ತಿದ್ದೆ, ಹಿಂದಿನ ಬೆಂಚಿನಿಂದ ಅವಳ ದನಿ, ಮಿಸ್, ನಮ್ಮ ಅಬ್ಬಾನ ಪೆಟ್ಟಿಗೇಲಿ ಸತ್ತ ಮೀನು ಕಲ್ಲಿನ ಹಂಗೆ ಆಗ್ತದೆ, ಹಿಮದ ಸಮುದ್ರದಲ್ಲಿ ಬದುಕಿರೋ ಮೀನು ಯಾಕೆ ಆಗಲ್ಲ, ತರಗತಿ ನಕ್ಕಿತು, ಅವಳ ತಂದೆ ಅಬ್ದುಲ್ ಮಜೀದ್ ಮಂಗಳೂರಿನಿಂದ ಬಂದ ಮೀನನ್ನು ಬೈಕಿನ ಹಿಂದೆ ಕಟ್ಟಿಕೊಂಡು ಗೋಣಿಬೀಡಿನವರೆಗೂ ಹಾರ್ನ್ ಹೊಡೆಯುತ್ತ ಹೋಗುವವರು, ನಾನು ನಗಲಿಲ್ಲ, ಉತ್ತರ ನನಗೂ ತಿಳಿದಿರಲಿಲ್ಲ, ಹುಡುಕಿ ಓದಿ ಮರುದಿನ ಹೇಳಿದೆ. ಧ್ರುವಸಾಗರದ ನೀರು ಸೊನ್ನೆಗಿಂತ ಸುಮಾರು ಎರಡು ಡಿಗ್ರಿ ಕೆಳಗಿದ್ದರೂ ಉಪ್ಪಿನ ದೆಸೆಯಿಂದ ನೀರಾಗಿಯೇ ಉಳಿಯುತ್ತದೆ, ಮೀನಿನ ರಕ್ತದಲ್ಲಿ ಅಷ್ಟು ಉಪ್ಪಿಲ್ಲ, ಅದು ಗಟ್ಟಿಯಾಗಬೇಕು, ಹಿಮದ ಸಣ್ಣ ಹರಳು ಮೈಯೊಳಗೆ ಹೊಕ್ಕೇ ಹೊಗುತ್ತದೆ, ಒಂದು ಹರಳು ಸಾಕು ಕೊಲ್ಲುವುದಕ್ಕೆ, ಆದರೆ ರಕ್ತದಲ್ಲಿರುವ ಒಂದು ಬಗೆಯ ಪ್ರೋಟೀನು ಆ ಹರಳನ್ನು ಸುತ್ತುಗಟ್ಟಿ ಹಿಡಿಯುತ್ತದೆ, ಕರಗಿಸುವುದಿಲ್ಲ, ಬೆಳೆಯಲು ಬಿಡುವುದಿಲ್ಲ, ಹರಳು ಒಳಗೇ ಇರುತ್ತದೆ, ಮೀನು ಈಜುತ್ತಿರುತ್ತದೆ. ಮುಂದಿನ ವಾರ ಅವಳು ಪ್ರಯೋಗವನ್ನೇ ತಂದಳು, ತಂದೆಯ ಪೆಟ್ಟಿಗೆಯಲ್ಲಿದ್ದ ಕಲ್ಲುಪ್ಪು ಬೆರೆತ ಐಸಿನಲ್ಲಿ ಶುದ್ಧ ನೀರಿನ ಬಾಟಲಿ ಹೂತು, ಎರಡು ಗಂಟೆ ಅಲುಗಿಸದೆ ಕಾದು, ಉಸಿರು ಬಿಗಿಹಿಡಿದು ಎತ್ತಿದಳು, ಸೊನ್ನೆಗಿಂತ ಕೆಳಗಿಳಿದ ನೀರು ಇನ್ನೂ ನೀರೇ, ಮುಷ್ಟಿಯಲ್ಲಿದ್ದ ಐಸಿನ ಚೂರೊಂದನ್ನು ಹಾಕಿದಳು — ಕತ್ತಿನಿಂದ ಬುಡದವರೆಗೆ ಬಿಳಿಯ ಸೂಜಿಗಳು ಓಡಿದವು, ಬಾಟಲಿ ಕಲ್ಲಾಯಿತು, ಆ ಪ್ರೋಟೀನು ಇಲ್ಲದ ಮೀನು ಹಿಂಗೇ ಸಾಯೋದು ಅಲ್ವಾ ಮಿಸ್ ಎಂದಳು, ಇಪ್ಪತ್ತಾರು ವರ್ಷದ ನನ್ನ ಪಾಠದಲ್ಲಿ ಮೈ ಜುಮ್ಮೆಂದದ್ದು ಅದೊಂದೇ ಸಲ.

ಈ ದಿನ ಬೆಳಿಗ್ಗೆ ಅದೇ ಪೆಟ್ಟಿಗೆ, ಮುಚ್ಚಳ ತೆರೆದಳು, ವಾಸನೆ. ಸಭಾಂಗಣದಲ್ಲಿ ಇನ್ನೂ ಯಾರೂ ಇರಲಿಲ್ಲ, ಯಾವ ಅತಿಥಿಯೂ ಮೂಗು ಮುಚ್ಚಲಿಲ್ಲ, ದೇವೇಂದ್ರ ಅವರ ಮೇಲೆ ಹೊರಿಸೋಣವೆಂದರೆ ಅವರು ಶಾಮಿಯಾನದ ಹಗ್ಗ ಕಟ್ಟಿಸುತ್ತಿದ್ದರು, ನಾನೇ, ನನ್ನ ಸೆರಗೇ ಮೂಗಿಗೆ ಹೋದದ್ದು, ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಎಲ್ಲರೂ ಒಂದೇ ಎಂದು ವಾರವಾರವೂ ಹೇಳಿದ ಬಾಯಿಯೇ ಹೇಳಿತು, ಪ್ರಯೋಗಕ್ಕೆ ಶುದ್ಧವಾದ ಐಸೇ ಬೇಕು ಫರ್ಹತ್, ಇದನ್ನು ಚರಂಡಿಗೆ ಸುರಿ, ಬಸ್ ಸ್ಟ್ಯಾಂಡಿನ ಜ್ಯೂಸ್ ಅಂಗಡಿಯಿಂದ ಬೇರೆ ತಾ. ಮಿಸ್, ಉಪ್ಪು? ಹಾಗೆ ಕೇಳಿದಳು, ಕೇಳಿದಳು, ಕೇಳಲಿಲ್ಲವೆಂದು ನನಗೆ ನಾನೇ ಹೇಳಿಕೊಳ್ಳುವಂತಿಲ್ಲ. ಮೊದಲು ಸೋಪು ಹಾಕಿ ಕೈ ತೊಳೆದು ಬಾ ಎಂದೆ. ಬರಿಯ ಐಸು ನೀರನ್ನು ಸೊನ್ನೆಗಿಂತ ಕೆಳಗೆ ಇಳಿಸಲಾರದು, ಉಪ್ಪು ಬೆರೆಯಬೇಕು ಎಂದು ಆರು ಪಂಕ್ತಿಯಲ್ಲಿ ಉತ್ತರ ಬರೆಸಿದ ನನಗೆ ಆ ಗಳಿಗೆಯಲ್ಲಿ ಉಪ್ಪು ನೆನಪಾಗಲಿಲ್ಲ, ಮೂಗು ಮಾತ್ರ ಇತ್ತು. ಅವಳು ಕೈ ತೊಳೆದು ಬಂದಳು, ಮತ್ತೆ ಕೇಳಲಿಲ್ಲ, ಮಿಸ್ ಶುದ್ಧ ಎಂದರೆ ಅದು ವಿಜ್ಞಾನವೇ ಇರಬೇಕೆಂದು ನಂಬಿದಳು.

ಬಾಲರಾಜ್ ಬಂದು ನಿಂತಾಗ ಚೂರು ಹಾಕಿದಳು, ಚೂರು ತೇಲಿತು. ಇನ್ನೊಂದು ಹಾಕಿದಳು, ಅದೂ ತೇಲಿತು, ಪಲ್ಪರಿನ ಕಡೆಯಿಂದ ಯಾರೋ ನಕ್ಕರು, ಮೂರನೆಯ ಚೂರನ್ನು ಹಾಕದೆ ಮುಷ್ಟಿ ಬಿಗಿದಳು, ಯಾಕಮ್ಮ ಆಗಲಿಲ್ಲ ಎಂದರು ಬಾಲರಾಜ್, ಅವಳು ನನ್ನತ್ತ ನೋಡಿದಳು, ಒಂದೇ ಸಲ, ನಾನೇ ಸರಿಯಾಗಿ ಮಾಡ್ಲಿಲ್ಲ ಸರ್ ಎಂದಳು. ಸುಳ್ಳು ಹೇಳಬಾರದೆಂದು ನಾನು ಕಲಿಸಿದ ಮಗು ನನ್ನ ಸಲುವಾಗಿ ಸುಳ್ಳು ಹೇಳಿತು, ನಾನು ಪಟ್ಟಿಯಲ್ಲಿ ಹತ್ತಕ್ಕೆ ಎರಡು ಅಂಕ ಬರೆದೆ, ಈ ಪೆನ್ನಿನಿಂದಲೇ, ಇಲ್ಲ, ಈ ಪೆನ್ನು ಸಹಿ ಹಾಕಕೂಡದು, ನನ್ನ ಕುರ್ಚಿ ಹಿಂದಕ್ಕೆ ಸರಿದು ಕಿರ್ರೆಂದಿತು, ಸರ್, ಐಸು ಬದಲಾಯಿಸಿದ್ದು ನಾನು, ಆ ಮಗುವಿನ ತಪ್ಪಿಲ್ಲ. ಹೋಗ್ಲಿ ಬಿಡಿ ಮೇಡಂ, ಮುಂದಿನ ವರ್ಷ ನೋಡೋಣ, ಮೀನೇನು ಸಮುದ್ರ ಬಿಟ್ಟು ಓಡಿಹೋಗುತ್ತಾ ಎಂದು ದೇವೇಂದ್ರ ನಗುತ್ತಾರೆ, ಬಾಲರಾಜ್ ನಗುವುದಿಲ್ಲ, ಯಾಕೆ ಬದಲಾಯಿಸಿದ್ರಿ?

ಸ್ವಚ್ಛತೆಗಾಗಿ — ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದೆ, ಸುಂದರವಾದ, ಪಠ್ಯಪುಸ್ತಕದ ಮಾತು, ಅಷ್ಟು ಹೇಳಿದರೆ ಅವಳಿಗೂ ಇನ್ನೊಂದು ಅವಕಾಶ, ನನಗೂ ಮರ್ಯಾದೆ, ಬಾಗಿಲಲ್ಲಿ ನಿಂತ ಮಗುವಿಗೂ ನೋವಿಲ್ಲ, ಆದರೆ ಒಳಗೆ ಹರಳು ಬೆಳೆಯುತ್ತದೆ, ಕತ್ತಿನಿಂದ ಬುಡದವರೆಗೆ, ಅದನ್ನು ತಡೆಯುವಂಥದ್ದು ನನ್ನ ರಕ್ತದಲ್ಲಿ ಏನಿದೆ, ಏನಾದರೂ ಇದ್ದರೆ ಈಗ ಇರಬೇಕು, ಈಗ — ವಾಸನೆ ಸರ್, ಮೀನಿನವರ ಪೆಟ್ಟಿಗೇದು ಅಂತ ನನಗೆ ಅಸಹ್ಯ ಆಯ್ತು, ಉಪ್ಪು ಅಂತ ಕೇಳಿದ್ಲು, ಕೈ ತೊಳ್ಕೊ ಅಂದೆ. ಇಡೀ ಸಭಾಂಗಣ ಕೇಳಿತು. ಬಾಲರಾಜ್ ಅಂಕಪಟ್ಟಿಯನ್ನು ಮಡಚುತ್ತಾರೆ, ಇವಳ ತಂದೆಗೆ ಫೋನ್ ಮಾಡಿ, ಅದೇ ಉಪ್ಪು ಬೆರೆತ ಐಸು ತರಲಿ, ಎರಡು ಗಂಟೆ ತಾನೇ, ಕಾಯೋಣ ಎನ್ನುತ್ತಾರೆ, ಕೇಳಿದೆಯಾ ಫರ್ಹತ್, ಕಾಯುತ್ತಾರಂತೆ, ಮತ್ತೆ ಮಾಡುವೆಯಂತೆ — ಅವಳು ಬಾಲರಾಜ್ ಅವರನ್ನು ನೋಡುತ್ತಿಲ್ಲ, ನನ್ನನ್ನೂ ನೋಡುತ್ತಿಲ್ಲ, ಮುಷ್ಟಿ ಬಿಡಿಸಿದಳು, ಐಸಿಲ್ಲ, ಕೆಂಪಗೆ ಮರಗಟ್ಟಿದ ಅಂಗೈ, ಅದನ್ನು ಮೆಲ್ಲನೆ ಎತ್ತಿ ಮೂಗಿನ ಹತ್ತಿರ ತಂದು ಮೂಸಿ ನೋಡುತ್ತಿದ್ದಾಳೆ, ಮೊಣಕೈಯಿಂದ ಹನಿಯುತ್ತಿದೆ, ಮತ್ತೆ ಮೂಸುತ್ತಿದ್ದಾಳೆ, ನಾನು ಸೋಪು ಹಾಕಿ ತೊಳೆಸಿದ ಆ ಅಂಗೈಯನ್ನು.