ಹಾಳೆಯ ಕೆಳಗಿನ ನವೆ

ಆಸ್ಪತ್ರೆ ಸೇರಿದ ಹನ್ನೊಂದನೆಯ ದಿನ ಮಧ್ಯಾಹ್ನ ಯಂತ್ರ ಮತ್ತೆ ಕೂಗಿಕೊಂಡಿತು. ಮಂಚದ ಕಾಲಿಗೆ ಒರಗಿ ಕಣ್ಣು ಮುಚ್ಚಿದ್ದ ಸಹನಾ ಏಳಲಾರದೆ ಎದ್ದಳು.

ಅವಳ ಅತ್ತೆ ಚಿಕ್ಕಹನುಮಕ್ಕ ನಿಡುಗಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಕುದಿಯುವ ಸಾರು ಚೆಲ್ಲಿ ಮೊಣಕಾಲಿನ ಕೆಳಗೆ ಬೆಂದಿತ್ತು. ಸಕ್ಕರೆ ಕಾಯಿಲೆಯ ಮೈ; ಗಾಯ ಮಾಯದೆ ಕೀವು ತುಂಬಿತು. ಮಧುಗಿರಿಯ ಆಸ್ಪತ್ರೆಯಲ್ಲಿ ಕೊಳೆತ ಮಾಂಸ ತೆಗೆದು, ಗಾಯದ ಗುಳಿಯೊಳಗೆ ಸ್ಪಂಜು ತುಂಬಿ, ಮೇಲೆ ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದಕ್ಕೊಂದು ಕೊಳವೆ ಸಿಕ್ಕಿಸಿದ್ದರು. ಕೊಳವೆಯ ತುದಿಯ ಪುಟ್ಟ ಯಂತ್ರ ಬಿಡುವಿಲ್ಲದೆ ಗಾಯದ ನೀರು ಹೀರುತ್ತಿತ್ತು. ಹಾಳೆಯ ಅಂಚು ಬಿಟ್ಟು ಗಾಳಿ ನುಗ್ಗಿದರೆ ಸಾಕು, ಕೂಗು.

ನರ್ಸ್ ವನಜಾಕ್ಷಿ ಸಿಡಿಮಿಡಿಗುಟ್ಟುತ್ತಲೇ ಬಂದಳು. "ದಿನಾ ಇದೇ ಆಯ್ತಲ್ಲಮ್ಮ! ಪಕ್ಕದಲ್ಲೇ ಕೂತು ಏನ್ ನೋಡ್ಕೊತೀಯ ನೀನು? ಹಿಂಗಾದ್ರೆ ಗಾಯ ತುಂಬೋದು ಯಾವಾಗ?"

ಸಹನಾ ಎದ್ದಿದ್ದ ಅಂಚನ್ನು ಬೆರಳಿನಿಂದ ಒತ್ತಿ ಹಿಡಿದಳು. ಗಂಡ ಯುವರಾಜ್ ಮಗುವನ್ನು ನೋಡಿಕೊಂಡು ಊರಲ್ಲಿದ್ದ. ಇವಳು ಇಲ್ಲಿ ಚಾಪೆಯ ಮೇಲೆ. ಮದುವೆಯಾದ ಆರು ವರ್ಷದಲ್ಲಿ ಅತ್ತೆ ಸೊಸೆ ಇಷ್ಟು ಹತ್ತಿರ ಇದ್ದದ್ದೇ ಇಲ್ಲ. ಆದರೂ ಮಾತು ಮಾತ್ರ ಅಷ್ಟಕ್ಕಷ್ಟೆ.

ಮಾರನೆಯ ದಿನ ಬಿಸಿನೀರು ತರಲು ಹೊರಟವಳು ಫ್ಲಾಸ್ಕ್ ಮರೆತು ಬಾಗಿಲಿನಿಂದಲೇ ಹಿಂದಿರುಗಿದಳು. ಅತ್ತೆ ಬಗ್ಗಿ, ಹೇರ್‌ಪಿನ್ನನ್ನು ಹಾಳೆಯ ಅಂಚಿನೊಳಗೆ ತೂರಿಸಿ ಕೆರೆದುಕೊಳ್ಳುತ್ತಿದ್ದಳು. ಸುಖಕ್ಕೆ ಕಣ್ಣೇ ಮುಚ್ಚಿಹೋಗಿತ್ತು. ಯಂತ್ರ ಕೂಗಿತು.

"ಅತ್ತೆ!"

ಚಿಕ್ಕಹನುಮಕ್ಕ ಪಿನ್ನನ್ನು ಸೆರಗಿನಲ್ಲಿ ಬಚ್ಚಿಟ್ಟಳು. "ನವೆ ಕಣಮ್ಮ. ಇರುವೆ ಹರಿದಂಗಾಯ್ತದೆ. ತಡ್ಕಳ್ಳಾಕೆ ಆಗಾಕಿಲ್ಲ."

"ದಿನಾ ನಂಗೆ ಬೈಸ್ತಿದ್ರಲ್ಲ." ಕೂಗಾಡಲು ಸಹನಾಳಲ್ಲಿ ತ್ರಾಣವಿರಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು ಕೂತಳು. "ನಂಗೆ ಸಾಕಾಗೋಗೈತೆ ಅತ್ತೆ."

ಅತ್ತೆ ಸೊಸೆಯ ಮುಖವನ್ನೇ ನೋಡಿದಳು. ವನಜಾಕ್ಷಿ ಬಂದು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು: "ಅವಳ್ನ ಬೈಬ್ಯಾಡವ್ವ. ದಿನಾಲೂ ಕಿತ್ತಾಕಿದ್ದು ನಾನೇಯ."

ವನಜಾಕ್ಷಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳಿಗೂ ಬೆಳಗಿನಿಂದ ಕೂರಲು ಪುರಸೊತ್ತಾಗಿರಲಿಲ್ಲ. "ನವೆ ಅಂತ ಒಂದು ಮಾತು ಹೇಳಿದ್ರೆ ಡಾಕ್ಟ್ರು ಮಾತ್ರೆ ಕೊಡ್ತಿದ್ರಲ್ಲಮ್ಮ" ಎಂದು ಹೊಸ ಹಾಳೆ ತರಲು ಹೋದಳು. ಹೋಗುವಾಗ ಸಹನಾಳ ಭುಜ ಮುಟ್ಟಿದಳು.

ಆಮೇಲೆ ಯಂತ್ರ ಕೂಗಲಿಲ್ಲ. ಎರಡು ವಾರದಲ್ಲಿ ಗುಳಿಯ ತುಂಬ ಕೆಂಪು ಮಾಂಸ ಬಂತು. ತೊಡೆಯ ಚರ್ಮ ತೆಗೆದು ಮೇಲೆ ಕೂರಿಸಿದರು. ಊರಿಗೆ ಮರಳುವ ದಿನ ಪಾವಗಡದ ಬಸ್ಸಿನಲ್ಲಿ ಅತ್ತೆ ಕಿಟಕಿಯ ಸೀಟನ್ನು ಸೊಸೆಗೆ ಬಿಟ್ಟುಕೊಟ್ಟಳು. ಬಸ್ಸು ಹೊರಡುವಷ್ಟರಲ್ಲೇ ಸಹನಾ ನಿದ್ದೆಹೋಗಿದ್ದಳು.